ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸು ಅವರಿಗೆ ಇದ್ದದ್ದು ನ್ಯಾಯದ ಕಳಕಳಿಯೋ, ಓಟಿನ ಲೆಕ್ಕವೋ?

ನನ್ನ ಪ್ರಕಾರ ಎರಡೂ ಇತ್ತು. ಆದರೆ ಕಳಕಳಿ ಇರಲೇ ಇಲ್ಲ ಅನ್ನೋರ ಮಾತು ನನಗೆ ಒಪ್ಪಿಗೆಯಿಲ್ಲ.

ಲೆಕ್ಕಾಚಾರ ಇದ್ದದ್ದು ನಿಜ. ಅವರ ಅರಸು ಸಮುದಾಯ ತೀರಾ ಚಿಕ್ಕದು. ಲಿಂಗಾಯತರು, ಒಕ್ಕಲಿಗರು ಪ್ರಬಲರಾಗಿದ್ದ ರಾಜ್ಯದಲ್ಲಿ ಹಿಂದುಳಿದವರನ್ನು ಒಗ್ಗೂಡಿಸದೆ ಕುರ್ಚಿ ಉಳಿಯುತ್ತಿರಲಿಲ್ಲ. 1972ರಲ್ಲಿ ಹಿಂದುಳಿದ ವರ್ಗಗಳ ಅಧ್ಯಯನಕ್ಕೆ ಹಾವನೂರು ಆಯೋಗ ನೇಮಿಸಿದ್ದರಲ್ಲಿ ಈ ಲೆಕ್ಕವೂ ಇತ್ತು.

ಆದರೆ 1974ರ ಭೂಸುಧಾರಣೆ ನೋಡಿ. ಬರೀ ಓಟಿಗಾದರೆ 'ಉಳುವವನೇ ಹೊಲದೊಡೆಯ' ಅಂತ ಘೋಷಣೆ ಕೂಗಿದ್ದರೆ ಸಾಕಿತ್ತು, ಅಲ್ವಾ? ಅವರ ಸರ್ಕಾರ ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿ ಮಾಡಿತು. ಗೇಣಿದಾರ ತಾನು ಉಳುವ ಜಮೀನಿನ ಹಕ್ಕು ಕೇಳುವ ಅರ್ಜಿ, ಅಂದರೆ ಫಾರಂ ನಂಬರ್ 7, ತುಂಬಿ ಕೊಟ್ಟು, ತಾನೇ ಎದುರು ನಿಂತು ಹೇಳಿಕೊಳ್ಳಬಹುದಿತ್ತು. ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ದುಡ್ಡಿದ್ದ ಧಣಿ ದೊಡ್ಡ ವಕೀಲರನ್ನು ಇಟ್ಟುಕೊಂಡು ಗೆಲ್ಲಬಾರದು ಅಂತ ಯೋಚಿಸಿದವರಿಗಷ್ಟೇ ಇಂಥದ್ದು ಹೊಳೆಯೋದು. (ವಕೀಲರ ಮೇಲಿನ ಆ ನಿರ್ಬಂಧ ಆಮೇಲೆ ಕೋರ್ಟಿನಲ್ಲಿ ನಿಲ್ಲಲಿಲ್ಲ, ಅದು ಬೇರೆ ಮಾತು.)

ಇನ್ನು ಭ್ರಷ್ಟಾಚಾರ. 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಅವರ ಮೇಲಿನ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ಕೂರಿಸಿತು. ಅದರಲ್ಲಿ ರಾಜಕೀಯವೂ ಇತ್ತು, ಆದರೆ ಆರೋಪಗಳನ್ನು ಸುಮ್ನೆ ತಳ್ಳಿಹಾಕೋಕೂ ಆಗಲ್ಲ. ಕೈ ಶುದ್ಧವಿಲ್ಲದವರಿಗೂ ಬಡವರ ಮೇಲೆ ನಿಜವಾದ ಕಾಳಜಿ ಇರಬಹುದು. ಇದನ್ನು ಒಪ್ಪೋದು ಅವರ ಅಭಿಮಾನಿಗಳಿಗೂ ಕಷ್ಟ, ವಿರೋಧಿಗಳಿಗೂ ಕಷ್ಟ.