ಕಲ್ಲು ತೂರಿದವರು, ತೋಳು ಒಡ್ಡಿದವರು

ಕಲ್ಕತ್ತಾದ ಕಾಲರಾ ಮತ್ತು ಅದಕ್ಕೆ ಲಸಿಕೆ ಹಾಕಲು ಬಂದ ತಂಡದ ಮೇಲೆ ಜನ ಕಲ್ಲು ತೂರಿದ್ದರ ಕುರಿತ ನಮ್ಮ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ‘ಪ್ರಾಣ ಉಳಿಸಲು ಬಂದವರ ಮೇಲೆ ಕಲ್ಲು ತೂರಿದ್ದು ಮೌಢ್ಯವಲ್ಲದೆ ಇನ್ನೇನು? ಸರ್ಕಾರ ಎಲ್ಲರಿಗೂ ಲಸಿಕೆಯನ್ನು ಕಡ್ಡಾಯ ಮಾಡಬೇಕಿತ್ತು’ ಎಂದಿದ್ದೀರಿ. ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಎರಡು ಮಾತನ್ನೂ ನಾನು ಒಪ್ಪಲಾರೆ.

1894ರ ಆ ಬಂದರು ನಗರದ ಒಂದು ಬಸ್ತಿಯನ್ನು, ಅಂದರೆ ಬಡವರ ಕೊಳಗೇರಿಯನ್ನು, ಕಣ್ಣ ಮುಂದೆ ತಂದುಕೊಳ್ಳಿ. ಬಟ್ಟೆ ಒಗೆಯುವುದು, ಮೀಯುವುದು, ಕುಡಿಯಲು ಕೊಡ ತುಂಬುವುದು ಎಲ್ಲವೂ ಒಂದೇ ಕೊಳದಲ್ಲಿ. ಹತ್ತು ವರ್ಷಗಳ ಹಿಂದೆ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್ ಇದೇ ನಗರದ ಇಂಥದೇ ಕೊಳದ ನೀರಿನಲ್ಲೂ ಕಾಲರಾ ರೋಗಾಣುವನ್ನು ಕಂಡಿದ್ದ. ಬಸ್ತಿಗೆ ಶುದ್ಧ ನೀರು ತಲುಪಿಸದ ಆಡಳಿತದ ಕಡೆಯಿಂದ ಒಬ್ಬ ಪರದೇಶಿ ಸೂಜಿ ಹಿಡಿದು ಬರುತ್ತಾನೆ. ಆ ಸೂಜಿಯಲ್ಲಿರುವುದೂ ಕಾಲರಾದ ಜೀವಂತ ರೋಗಾಣುವೇ. ಹೆದರದೆ ಇರುವುದು ಹೇಗೆ?

ಆ ಪರದೇಶಿ, ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್, ಜನರನ್ನು ಗದರಿಸಲಿಲ್ಲ. 1892ರ ಜುಲೈ 18ರಂದು ಪ್ಯಾರಿಸ್ಸಿನಲ್ಲಿ ಈ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡಿದ್ದವನು ಆತ. ಬಸ್ತಿಯಲ್ಲೂ ಎಲ್ಲರೆದುರು ಅದನ್ನೇ ಮಾಡಿದ. ಜೊತೆಗಿದ್ದವರು ಜನರ ಮಾತು ಬಲ್ಲ ಬಂಗಾಳಿ ವೈದ್ಯರು. ನನ್ನ ಮಟ್ಟಿಗೆ ಆತ ಅಂಗಿಯ ತೋಳು ಮಡಚಿದ್ದಕ್ಕಿಂತ ಇವರ ಮಾತೇ ಹೆಚ್ಚು ಕೆಲಸ ಮಾಡಿರಬೇಕು. ಕೂಲಿಗೆ ಹೊರಡುವವರಿಗಾಗಿ ನಸುಕಿನಲ್ಲೇ ಬರುತ್ತಿದ್ದರು. ಸಂಜೆ ಅವರು ಮರಳಿದ ಮೇಲೆ ಎಣ್ಣೆದೀಪದ ಬೆಳಕಿನಲ್ಲಿ ಮತ್ತೆ ಕೂರುತ್ತಿದ್ದರು.

ಕಾಂಠಾಲ್ ಬಗಾನ್ ಬಸ್ತಿಯ ಸುಮಾರು 200 ಜನರಲ್ಲಿ 116 ಮಂದಿ ತೋಳು ಒಡ್ಡಿದರು. ಆಮೇಲೆ ಅಲ್ಲಿ ಕಾಲರಾ ತಗುಲಿದ್ದೆಲ್ಲ ಲಸಿಕೆ ಪಡೆಯದವರಿಗೆ. ಕೇಳಿದವರಿಗೆ ಕೊಟ್ಟು, ಒಲ್ಲದವರನ್ನು ಬಿಟ್ಟದ್ದರಿಂದಲೇ ಒಂದೇ ಕೊಳದ ನೀರು ಕುಡಿದ ಎರಡು ಗುಂಪುಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. 1895ರ ಹೊತ್ತಿಗೆ ಭಾರತದಲ್ಲಿ ಲಸಿಕೆ ಪಡೆದವರು 40 ಸಾವಿರ ದಾಟಿದ್ದರು. ಅವರಲ್ಲಿ ಸೆರೆಯಾಳುಗಳೂ ಇದ್ದರು ಎಂಬುದನ್ನು ಮುಚ್ಚಿಡಲಾರೆ. ಜೈಲಿನ ಗೋಡೆಯೊಳಗಿನ ಒಪ್ಪಿಗೆಗೆ ಏನು ಬೆಲೆ?

ಬಲವಂತದ ಫಲವನ್ನು ನೋಡಬೇಕಾದರೆ ಮೂರೇ ವರ್ಷ ಮುಂದೆ ಹೋಗಿ. ಪುಣೆಯ ಪ್ಲೇಗಿನಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ತಪಾಸಣೆ ಮಾಡಿದರು. ಜನರ ಸಿಟ್ಟು ಎಷ್ಟು ಕುದಿಯಿತೆಂದರೆ, 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಗುಂಡೇಟು ತಿಂದ.

ಕೊನೆಗೆ, ನೀವು ‘ಮೌಢ್ಯ’ ಎಂದು ಬರೆಯಲು ನಾವೇ ದಾರಿ ಮಾಡಿಕೊಟ್ಟೆವು. ಲೇಖನದ ಚಿತ್ರದ ಕೆಳಗೆ ‘ಅಜ್ಞಾನಿ ಜನ’ ಎಂದು ಅಚ್ಚಾಗಿತ್ತು. ಕರಡು ನೋಡಿದವನು ನಾನು. ಆ ಪದವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ.

– ಸಂಪಾದಕ