ಖಾಲಿ ಬಿದ್ದಿದೆ ಅಂದ್ರಲ್ಲ, ಆ ಜಾಗದ ಬಗ್ಗೆ

ಓದುಗರ ಪತ್ರ: ‘ದಸರಾ ರಜೆಯಲ್ಲಿ ಮನೆ ಹತ್ತಿರವೇ ಒಂದು ಸುತ್ತು ನಡೆದು ಬನ್ನಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮಲೆನಾಡಿನವರಿಗೆ ಅದು ಸರಿ. ನಮ್ಮ ಕಡೆ ನೋಡಲು ಏನಿದೆ? ಊರ ಹಿಂದಿನ ಗಾಯರಾಣ (ದನ, ಕುರಿ ಮೇಯುವ ಗೋಮಾಳ) ಖಾಲಿ ಬಿದ್ದಿದೆ. ಬರೀ ಕಲ್ಲು, ಕಂಟಿ. ಅಲ್ಲಿ ಸಾವಿರ ಗಿಡ ಹಚ್ಚುವ ಅಭಿಯಾನ ಶುರು ಮಾಡಿ, ನಾವೂ ಬರುತ್ತೇವೆ.’ — ಯಲಬುರ್ಗಾ ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ನಗು ಬಂತು. ಯಾಕಂದ್ರೆ ಹದಿನೈದು ವರ್ಷದ ಹಿಂದೆ ಇದೇ ಮಾತು ನಾನೇ ಆಡಿದ್ದೆ. ಆಡಿದ್ದಷ್ಟೇ ಅಲ್ಲ, ಒಂದು ಸಂಘದವರ ಜತೆ ಹೋಗಿ, ಕೊಪ್ಪಳದ ಹತ್ತಿರದ ಹುಲ್ಲುಬಯಲಿನಲ್ಲಿ ಗುಂಡಿ ತೋಡಿಸಿ, ಸಸಿ ಹಚ್ಚಿ, ಫೋಟೋ ತೆಗೆಸಿಕೊಂಡು ಬಂದಿದ್ದೆ. ಬೇಸಿಗೆಗೆ ಸಸಿ ಒಣಗಿದವು, ಗುಂಡಿ ಉಳಿದವು. ಮರುವರ್ಷ ಅಲ್ಲಿ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು, ‘ಇದ್ದ ಹುಲ್ಲೂ ಕೆಡಿಸಿ ಹೋದ್ರು ನೋಡ್ರಿ’ ಅಂದರು. ಕೆಡಿಸಿದವರಲ್ಲಿ ನಾನೂ ಒಬ್ಬ ಅಂತ ಹೇಳಲು ಬಾಯಿ ಬರಲಿಲ್ಲ.

ಈ ಸಲ ಶೀಗಿ ಹುಣ್ಣಿಮೆಯ ಮರುದಿನ ಬೆಳಗ್ಗೆ ಕೊಪ್ಪಳದ ಪಾಲ್ಕಿಗುಂಡು ಬೆಟ್ಟದ ಕಡೆ ನಡೆದು ಹೋಗಿದ್ದೆ. ಅಲ್ಲಿ ಅಶೋಕನ ಶಾಸನ ಇರುವುದು ನಿಮಗೆ ಗೊತ್ತೇ ಇದೆ. ನಾನು ಹೋದದ್ದು ಅಶೋಕನಿಗಾಗಿ ಅಲ್ಲ, ಹುಲ್ಲಿಗಾಗಿ. ಹಸ್ತ ಮಳೆ ಮುಗಿದು ಚಿತ್ತಿ ನಡೆದಿರುವ ಈ ದಿನಗಳಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತದೆ. ಬುಡ ಹಸಿರು, ತುದಿ ಕಂದು. ನಡುನಡುವೆ ತಂಗಡಿ ಹಳದಿ ಹೂ ಹೊತ್ತು ನಿಂತಿರುತ್ತದೆ. ಬಂಡೆ ಸಂದಿಯಲ್ಲಿ ಸೀತಾಫಲ ಕಣ್ಣು ಬಿಟ್ಟಿದ್ದವು. ಆಡು ಅದರ ಎಲೆಗೆ ಬಾಯಿ ಹಾಕುವುದಿಲ್ಲ, ಹಾಗಾಗಿ ಗಿಡ ಉಳಿದುಕೊಂಡಿದೆ. ಎರಡು ಹಣ್ಣು ಕಿತ್ತು ಜೇಬಿಗೆ ಹಾಕಿಕೊಂಡೆ. ಒಂದು ಜೇಬಿನಲ್ಲೇ ಅಪ್ಪಚ್ಚಿ ಆಯಿತು, ಆ ಮಾತು ಬಿಡಿ.

ಮನೆಗೆ ಬಂದು ನೋಡಿದರೆ ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು. ನಿಮಗೂ ಚುಚ್ಚಿರುತ್ತದೆ. ಚೂಪು ಮೂತಿ, ಹಿಂದೆ ಹಗ್ಗದ ಹಾಗೆ ಹೊಸೆದ ಕರಿ ಬಾಲ. ಒಂದನ್ನು ಕಿತ್ತು ಅಂಗೈ ಮೇಲಿಟ್ಟು ಒಂದು ಹನಿ ನೀರು ಹಾಕಿ. ಸುಮ್ನೆ ನೋಡುತ್ತಾ ಇರಿ. ಬಾಲ ತಾನೇ ತಿರುಗತೊಡಗುತ್ತದೆ, ಹುಳ ಹರಿದ ಹಾಗೆ! ತೇವಕ್ಕೆ ಹೊಸೆತ ಬಿಚ್ಚುತ್ತದೆ, ಒಣಗಿದರೆ ಮತ್ತೆ ಬಿಗಿಯುತ್ತದೆ. ಹೀಗೆ ಇಬ್ಬನಿಗೂ ಬಿಸಿಲಿಗೂ ತಿರುಗುತ್ತ ಬೀಜ ತನ್ನನ್ನು ತಾನೇ ನೆಲಕ್ಕೆ ಕೊರೆದುಕೊಳ್ಳುತ್ತದೆ. ಮೂತಿಯ ಮೇಲಿನ ಸಣ್ಣ ಕೂದಲು ಹಿಮ್ಮುಖವಾಗಿರುವುದರಿಂದ ಹೊರಗೆ ಬರುವುದಿಲ್ಲ. ಬೇಸಿಗೆಯಲ್ಲಿ ಮೇಲೆ ಬೆಂಕಿ ಬಿದ್ದರೂ ಮಣ್ಣೊಳಗೆ ಬೀಜ ಕ್ಷೇಮ. ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ಜೀವ ಇರುವ ಜಾಗವನ್ನು ಖಾಲಿ ಅನ್ನುವುದು ಹೇಗೆ, ಹೇಳಿ. ಕುರಿ ಕಾಯುವವರು ಮಾತ್ರ ಇದನ್ನು ಹೊಗಳುವುದಿಲ್ಲ. ಉಣ್ಣೆಗೆ ಸಿಕ್ಕಿಕೊಂಡು ಚರ್ಮಕ್ಕೂ ಇಳಿಯುತ್ತದೆ.

ತಪ್ಪು ನಿಮ್ಮೊಬ್ಬರದಲ್ಲ. ಉಳುಮೆ ಮಾಡದ ನೆಲ ಪಹಣಿಯಲ್ಲಿ ಖರಾಬು, ಅಂದ್ರೆ ಸಾಗುವಳಿಗೆ ಬಾರದ್ದು. ಸರ್ಕಾರ 2000ರಲ್ಲಿ ತಂದ ಬಂಜರು ಭೂಮಿಯ ನಕ್ಷೆ ಪುಸ್ತಕದಲ್ಲೂ ಕುರುಚಲು ಬಯಲು ಬಂಜರಿನ ಲೆಕ್ಕಕ್ಕೇ ಸೇರಿದೆ. ಆದರೆ ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅಂಥದ್ದೇ ಕಲ್ಲು, ಕಂಟಿಯ ಸುಮಾರು 332 ಹೆಕ್ಟೇರ್ ಜಾಗ ಈಗ ತೋಳಧಾಮ. ರಾಜ್ಯದಲ್ಲಿ ಅದೇ ಮೊದಲನೆಯದು. ತೋಳಕ್ಕೆ ದಟ್ಟ ಕಾಡು ಬೇಕಿಲ್ಲ, ಇಂಥ ಬಯಲು ಸಾಕು. ಚಿಗರಿಗೂ, ಅಂದ್ರೆ ಕೃಷ್ಣಮೃಗಕ್ಕೂ, ಅಷ್ಟೇ. ದೂರ ಕಾಣಬೇಕು, ಓಡಲು ಬಯಲು ಬೇಕು. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹ್ಯಾರಿಯರ್ ಗಿಡುಗ ರಾತ್ರಿ ಮಲಗುವುದೂ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಅಲ್ಲಿ ಸಾಲು ಗಿಡ ಎಬ್ಬಿಸಿದರೆ ನೆರಳಿಗೆ ಹುಲ್ಲು ಸಾಯುತ್ತದೆ. ಹುಲ್ಲು ಹೋದರೆ ಇವು ಯಾವುವೂ ಉಳಿಯುವುದಿಲ್ಲ, ಕುರಿ ಮೇವೂ ಉಳಿಯುವುದಿಲ್ಲ.

ಚಿಗರಿ ಹಿಂಡು ನಿಮ್ಮ ಕಡೆ ಹೆಸರು, ಕಡಲೆ ಹೊಲಕ್ಕೆ ನುಗ್ಗುತ್ತದೆ, ಅದು ನನಗೂ ಗೊತ್ತು. ಪೇಟೆಯಲ್ಲಿ ಕೂತು ‘ಎಷ್ಟು ಚೆಂದ’ ಅನ್ನುವ ನಾನು ಕಳೆದುಕೊಳ್ಳುವುದು ಏನೂ ಇಲ್ಲ, ನೀವು ಬೆಳೆ ಕಳೆದುಕೊಳ್ಳುತ್ತೀರಿ. ಆದರೆ ಗಾಯರಾಣದ ಹುಲ್ಲೂ ಹೋದರೆ ಅವು ಹೊಲಕ್ಕೆ ಇನ್ನೂ ಜಾಸ್ತಿ ಬರುತ್ತವೆ, ಅಲ್ವಾ?

ಅಭಿಯಾನ ಬೇಕೇ ಬೇಕು ಅಂದ್ರೆ ನನ್ನದೊಂದು ಉಲ್ಟಾ ಸಲಹೆ ಇದೆ. ಗಾಯರಾಣದಲ್ಲಿ ಹಬ್ಬುತ್ತಿರುವ ಬಳ್ಳಾರಿ ಜಾಲಿಯನ್ನು ಬುಡಸಮೇತ ಕೀಳಿಸಿ. ಹೆಸರಿಗಷ್ಟೇ ಬಳ್ಳಾರಿ, ಬಂದದ್ದು ಅಮೆರಿಕ ಖಂಡದಿಂದ, 19ನೇ ಶತಮಾನದಲ್ಲಿ. ಕಿತ್ತದ್ದು ಊರವರ ಒಲೆಗೆ ಆಗುತ್ತದೆ. ಬೇವು, ಹೊಂಗೆಯನ್ನು ಶಾಲೆ ಅಂಗಳದಲ್ಲಿ, ಬಸ್ ನಿಲ್ಲುವ ಕಡೆ, ಹೊಲದ ಬದುವಿನ ಮೇಲೆ ಹಚ್ಚಿ. ನೆರಳು ಬೇಕಾದದ್ದು ಅಲ್ಲಿ. ಅದಕ್ಕೆ ನಾನೂ ಸಲಿಕೆ ಹಿಡಿದು ಬರುತ್ತೇನೆ.

ಅದಕ್ಕೂ ಮೊದಲು ಒಂದು ಬೆಳಗ್ಗೆ, ಬಿಸಿಲು ಏರುವ ಮುಂಚೆ, ನಿಮ್ಮೂರ ಕುರಿ ಕಾಯುವವರ ಜತೆ ಗಾಯರಾಣದಲ್ಲಿ ಒಂದು ತಾಸು ನಡೆಯಿರಿ. ದಾರಿಯಲ್ಲಿ ಸಿಕ್ಕ ಒಂದೊಂದು ಹುಲ್ಲಿಗೂ ಅವರು ಏನು ಹೆಸರು ಹೇಳುತ್ತಾರೆ, ಯಾವುದನ್ನು ಕುರಿ ಮೊದಲು ಮೇಯುತ್ತದೆ, ಬರೆದುಕೊಂಡು ಬಂದು ನಮಗೆ ಕಳಿಸಿ. ದೀಪಾವಳಿ ಮುಗಿದ ಮೇಲಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ.