22 ಪದ ಬೇಡ, ಐದು ಸಾಕು

ಪ್ರಿಯರೇ,

ಕೊನೆ ಮತ್ತು ಮಿತಿಯನ್ನು ಹೇಳುವ ಇಂಗ್ಲಿಷ್ ಪದಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಸುಮ್ನೆ ವಾಪಸ್ ಕಳಿಸೋಕೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎಂಡ್, ಫಿನಿಶ್, ಲಿಮಿಟ್, ಬಾರ್ಡರ್, ಡೆಡ್‌ಲೈನ್, ಟರ್ಮಿನಸ್, ಎಕ್ಸ್‌ಪೈರಿ ಎಂದು ಒಟ್ಟು 22 ಪದ ಹಿಡಿದಿದ್ದೀರಿ. ಒಂದೊಂದಕ್ಕೂ ಎರಡೆರಡು ಸಾಲು. ಮೂಲ ಇದು, ಅರ್ಥ ಇದು, ಮುಂದಿನದು. ಅಷ್ಟು ನಿಘಂಟಿನಲ್ಲೇ ಸಿಗುತ್ತದೆ ಅಲ್ವಾ?

ಲೇಖನಕ್ಕೆ ಜೀವ ಬರುವುದು ಹನ್ನೊಂದನೇ ಪ್ಯಾರಾದಲ್ಲಿ. ನಿಮ್ಮ ಅಮ್ಮ ಬಿಲ್ ಕಟ್ಟಲು ಹೋಗಿ, ಬಿಸಿಲಲ್ಲಿ ವಾಪಸ್ ಬಂದು, ಚೀಲ ಕೆಳಗಿಟ್ಟು ‘ಲಾಸ್ಟ್ ಡೇಟ್ ಓವರ್ ಆಯ್ತಂತೆ ಕಣೋ’ ಅಂದರು ಎಂದು ಬರೆದಿದ್ದೀರಿ. ಓದುತ್ತಿದ್ದ ಹಾಗೆ ನೆಟ್ಟಗೆ ಕೂತೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಯದವರ ಒಂದೇ ಮಾತಿನಲ್ಲಿ ನಿಮ್ಮ ಪಟ್ಟಿಯ ಎರಡು ಪದ ಇವೆ. ಮಗ ಹೆಚ್ಚು ಮಾತಾಡಿದರೆ ಅದೇ ಅಮ್ಮ ‘ನಿಂದು ಓವರ್ ಆಯ್ತು’ ಅಂತಲೂ ಅಂದಿರುತ್ತಾರೆ. ಮೊದಲನೆಯ ಓವರ್ ಅಂದರೆ ಮುಗಿದದ್ದು, ಎರಡನೆಯದು ಮಿತಿ ಮೀರಿದ್ದು. ಎರಡಕ್ಕೂ ನಾವು ಒಂದೇ ‘ಆಯ್ತು’ ಸೇರಿಸಿಕೊಂಡಿದ್ದೇವೆ, ಆದರೂ ಯಾರಿಗೂ ಗೊಂದಲ ಆಗುವುದಿಲ್ಲ. ಇದನ್ನು ನೀವು ಬಿಡಿಸಿ ಬರೆಯಬೇಕಿತ್ತು. ನಿಮ್ಮ ಲೇಖನ ಅಲ್ಲಿಂದಲೇ ಶುರುವಾಗಬೇಕು.

ಇನ್ನು ಡೆಡ್‌ಲೈನ್. ‘ಕೆಲಸ ಮುಗಿಸಬೇಕಾದ ಕೊನೆಯ ಸಮಯ’ ಎಂದು ಬರೆದು ದಾಟಿಹೋಗಿದ್ದೀರಿ. ಆ ಪದ ಒಂದು ಕಾಲದಲ್ಲಿ ಕಣ್ಣಿಗೆ ಕಾಣುವ ಗೆರೆಯಾಗಿತ್ತು. ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಸೆರೆಸಿಕ್ಕ ಸೈನಿಕರ ಶಿಬಿರ ಇತ್ತು. ಸುತ್ತ ಎತ್ತರದ ಮರದ ಕೋಟೆ. ಅದರ ಒಳಗಡೆ, ಗೋಡೆಯಿಂದ ಸುಮಾರು 19 ಅಡಿ ದೂರದಲ್ಲಿ, ಗೂಟ ನೆಟ್ಟು ಮೇಲೊಂದು ತೆಳು ಪಟ್ಟಿ ಹೊಡೆದಿದ್ದರು. ಅದನ್ನು ದಾಟಿದವರಿಗೆ ಕಾವಲುಗಾರರು ಗುಂಡು ಹಾರಿಸುತ್ತಿದ್ದರು. ಅದರ ಹೆಸರೇ ಡೆಡ್ ಲೈನ್. 14 ತಿಂಗಳಲ್ಲಿ ಸುಮಾರು 45,000 ಜನ ಆ ಶಿಬಿರದಲ್ಲಿದ್ದರು, 13,000ದಷ್ಟು ಜನ ಅಲ್ಲೇ ಸತ್ತರು. ಹಸಿವು, ಭೇದಿ, ಕೊಳಕು ನೀರಿಗೆ ಬಲಿಯಾದವರೇ ಹೆಚ್ಚು. ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರಿನಲ್ಲಿ ನೇಣಿಗೆ ಹಾಕಿದರು. ಪತ್ರಿಕೆಯವರು ಈ ಪದವನ್ನು ಗಡುವು ಎಂಬ ಅರ್ಥದಲ್ಲಿ ಬಳಸಲು ಹಿಡಿದದ್ದು 20ನೇ ಶತಮಾನದ ಮೊದಲ ದಶಕಗಳಲ್ಲಿ. ನಾನು ದಿನಾ ಹತ್ತು ಸಲ ಆಡುವ ಮಾತಿದು. ಆ ಗೆರೆಯ ಕಥೆ ಗೊತ್ತಾದ ಮೇಲೆ ಅದನ್ನು ಹಗುರಾಗಿ ಆಡಲು ಆಗಿಲ್ಲ. ಇಂಥ ಕಡೆ ನಿಲ್ಲಿ. ಒಂದು ಪುಟ ಪೂರ್ತಿ ತಗೊಳ್ಳಿ.

ಟರ್ಮಿನಸ್‌ಗೆ ‘ಲ್ಯಾಟಿನ್‌ನಲ್ಲಿ ಕೊನೆ’ ಎಂದಿದ್ದೀರಿ. ಅದು ಅರ್ಧ ಮಾತು. ರೋಮನ್ನರಿಗೆ ಟರ್ಮಿನಸ್ ಗಡಿಕಲ್ಲಿನ ದೇವರು. ಫೆಬ್ರವರಿ 23ರಂದು ಅವನ ಹಬ್ಬ. ಅಕ್ಕಪಕ್ಕದ ಹೊಲದವರಿಬ್ಬರೂ ಬಂದು, ನಡುವಿನ ಕಲ್ಲಿಗೆ ತಮ್ಮ ತಮ್ಮ ಕಡೆಯಿಂದ ಹೂಮಾಲೆ ಹಾಕುತ್ತಿದ್ದರು. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿರುವ ವಿಶ್ವೇಶ್ವರಯ್ಯ ಟರ್ಮಿನಲ್ ಹೆಸರಿನಲ್ಲೂ ಆ ಕಲ್ಲು ಇದೆ. ಎಕ್ಸ್‌ಟರ್ಮಿನೇಟ್ ಕೂಡ ಅದೇ ಮನೆಯದು. ನಿರ್ನಾಮ ಮಾಡು ಎಂಬುದು ಈಗಿನ ಅರ್ಥ. ಲ್ಯಾಟಿನ್‌ನಲ್ಲಿ ಮೊದಲಿಗೆ ಅದರ ಅರ್ಥ ಗಡಿಯಿಂದ ಆಚೆಗೆ ಅಟ್ಟುವುದು. ಅಂದರೆ ನಮ್ಮ ಗಡೀಪಾರು! ಕನ್ನಡ ಓದುಗರಿಗೆ ಇದನ್ನು ಹೇಳದೆ ಬಿಟ್ಟರೆ ಹೇಗೆ?

ಹಾಗೇ ಫೈನಾನ್ಸ್. ಇದು ನಿಮ್ಮ ಪಟ್ಟಿಯಲ್ಲೇ ಇಲ್ಲ. ಫಿನಿಶ್, ಫೈನಲ್ ಹುಟ್ಟಿದ ಲ್ಯಾಟಿನ್ ಬೇರಿನಿಂದಲೇ ಫೈನಾನ್ಸ್ ಬಂದದ್ದು. ಹಳೆಯ ಫ್ರೆಂಚಿನಲ್ಲಿ ಅದು ಸಾಲವನ್ನೋ ವ್ಯವಹಾರವನ್ನೋ ಮುಗಿಸುವುದು. ದಂಡ ಎಂಬ ಅರ್ಥದ ಫೈನ್ ಕೂಡ ಹಾಗೇ, ದುಡ್ಡು ಕೊಟ್ಟು ವಿಷಯ ಮುಗಿಸುವುದು. ನಾವೂ ಸಾಲ ‘ತೀರಿಸುತ್ತೇವೆ’. ಆ ತೀರು ಎಂಬುದರಿಂದಲೇ ತೀರ್ಪು ಬಂತು, ತೀರ್ಮಾನ ಬಂತು. ಸತ್ತವರನ್ನು ತೀರಿಕೊಂಡರು ಅನ್ನುತ್ತೇವೆ. ದೂರದೂರದ ಎರಡು ಭಾಷೆಗಳು ಒಂದೇ ದಾರಿ ಹಿಡಿದಿವೆ.

ಬಾರ್ಡರ್, ಬೌಂಡರಿ, ಎಡ್ಜ್ ಕೈಬಿಡಿ. ಅವುಗಳ ಬಗ್ಗೆ ನಿಮಗೆ ಹೇಳಲು ಹೆಚ್ಚೇನೂ ಇದ್ದಂತಿಲ್ಲ. ಲಿಮಿಟೆಡ್ ಇರಲಿ, ಆದರೆ ಅದರ ಬಳಕೆ ನೋಡಿ. ಹೋಟೆಲಿನ ಲಿಮಿಟೆಡ್ ಊಟ ಅಂದರೆ ಅನ್ನ ಇಷ್ಟೇ ಅಂತ ಅಳತೆ. ಲಿಮಿಟೆಡ್ ಸ್ಟಾಪ್ ಬಸ್ಸಾದರೆ ಬೇಗ ಹೋಗುತ್ತದೆ ಅಂತ ಜನ ಖುಷಿಯಿಂದ ಹತ್ತುತ್ತಾರೆ. ಕಂಪನಿಯ ಹೆಸರಿನ ಕೊನೆಯ ಲಿಮಿಟೆಡ್ ಬಂದದ್ದು ಇಂಗ್ಲೆಂಡಿನ 1855ರ ಕಾನೂನಿನಿಂದ. ಕಂಪನಿ ಮುಳುಗಿದರೆ ಪಾಲುದಾರರ ಹೊಣೆ ಇಷ್ಟಕ್ಕೇ ಎಂದು ಸಾಲ ಕೊಡುವವರಿಗೆ ಮೊದಲೇ ತಿಳಿಸುವ ಪದ ಅದು.

ಈಗ ನಿಮ್ಮ ಕನ್ನಡದ ವಿಷಯ. ನನಗೆ ನಿಜವಾಗಿ ಬೇಜಾರಾದದ್ದು ಇಲ್ಲಿ. ಎಂಡ್ ಇರುವ ಇಂಗ್ಲಿಷ್ ನುಡಿಗಟ್ಟುಗಳನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದಿದ್ದೀರಿ. ‘ದಿನದ ಕೊನೆಯಲ್ಲಿ, ಭಾಷೆ ಬಳಸುವವರದು’ ಎಂದು ಬರೆದಿದ್ದೀರಿ. ಓದಿದವರು ಸಂಜೆ ಅಂದುಕೊಳ್ಳುತ್ತಾರೆ. ‘ಏನೇ ಅಂದರೂ’ ಎಂದಿದ್ದರೆ ಸಾಕಿತ್ತು. ‘ಎರಡು ತುದಿ ಸೇರಿಸಲು ಹೆಣಗುವ ಕುಟುಂಬ’ ಎಂದಿದ್ದೀರಿ. ಸಂಸಾರ ತೂಗಿಸುವುದು ಎಂಬ ಮಾತು ಇದೆಯಲ್ಲ? ‘ಅಂತ್ಯವು ಮಾರ್ಗವನ್ನು ಸಮರ್ಥಿಸುತ್ತದೆ’ ಎಂಬಲ್ಲಿ ಅರ್ಥವೇ ತಪ್ಪಿದೆ. ಅಲ್ಲಿ ಎಂಡ್ ಅಂದರೆ ಗುರಿ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಎಂಡ್ ಮತ್ತು ಫಿನಿಶ್ ಒಂದೇ ಎಂದದ್ದು. ಫಿನಿಶ್‌ನಲ್ಲಿ ಪೂರ್ತಿ ಮಾಡಿದ ಭಾವ ಇದೆ. ಎಂಡ್ ನಡುವೆ ತುಂಡಾದರೂ ಆಗುತ್ತದೆ. ಗಂಡ ಹೆಂಡತಿ ಬೇರೆಯಾದರೆ ಇಂಗ್ಲಿಷಿನವರು ಮದುವೆ ಎಂಡ್ ಆಯಿತು ಅನ್ನುತ್ತಾರೆ. ನೀವು ಅದನ್ನು ‘ಅವರ ಮದುವೆ ಮುಗಿಯಿತು’ ಎಂದು ಕನ್ನಡಕ್ಕೆ ತಂದಿದ್ದೀರಿ. ನಮ್ಮಲ್ಲಿ ಮದುವೆ ಮುಗೀತು ಅಂದರೆ ತಾಳಿ ಕಟ್ಟಿ, ಊಟ ಆಗಿ, ನೆಂಟರು ತಾಂಬೂಲ ತಗೊಂಡು ಹೊರಟರು ಅಂತ. ಬೇರೆಯಾದದ್ದಕ್ಕೆ ಮದುವೆ ‘ಮುರಿಯಿತು’ ಎನ್ನುತ್ತೇವೆ. ಈ ಒಂದು ವ್ಯತ್ಯಾಸದ ಮೇಲೆಯೇ ಎರಡು ಒಳ್ಳೆಯ ಪ್ಯಾರಾ ಬರೆಯಬಹುದು. ನಿಮಗೆ ಬರೆಯಲು ಬರುತ್ತದೆ. ಅಮ್ಮನ ಚೀಲ ಕಂಡವರಿಗೆ ಇದೂ ಕಾಣುತ್ತದೆ.

ತಿದ್ದಿ ಕಳಿಸಿ. ಡೆಡ್‌ಲೈನ್, ಟರ್ಮಿನಸ್, ಫೈನಾನ್ಸ್, ಓವರ್, ಎಂಡ್, ಈ ಐದು ಸಾಕು. ಲಿಮಿಟೆಡ್ ಒಂದು ಪ್ಯಾರಾ ಬಂದರೆ ಬರಲಿ. 900 ಪದ ದಾಟಬೇಡಿ. ಕಳಿಸುವ ಮೊದಲು ಅಮ್ಮನನ್ನು ಒಂದು ಮಾತು ಕೇಳಿ. ಎರಡು ಹೊಲದ ನಡುವಿನ ಕಲ್ಲಿಗೆ ನಾವು ಬಾಂದುಕಲ್ಲು ಅನ್ನುತ್ತೇವೆ. ನಿಮ್ಮ ಕಡೆ ಏನಂತಾರೆ? ಅದಕ್ಕೂ ಯಾರಾದರೂ ಹೂ ಇಡುವುದುಂಟಾ?